ಊರು ಹೊತ್ತ ರಾಣಿಯ ನಕ್ಷೆ

ಚನ್ನಪಟ್ಟಣ
೧೪ ಜೂನ್ ೨೦೨೪

ಸುಚಿತ್ರಕ್ಕ,

ನಾನು ಜಾರಾ. ಫೆಬ್ರವರಿಯಲ್ಲಿ ಬೆಂಗಳೂರಿನ ಆಟಗಾರರ ಕೂಟ ಮುಗಿಸಿ ನಾವಿಬ್ಬರೂ ಒಂದೇ ಪ್ಯಾಸೆಂಜರ್ ರೈಲಿನಲ್ಲಿ ಬಂದೆವಲ್ಲ, ನಿಮ್ಮ ಮೊಬೈಲಿನ ಯುದ್ಧದಾಟ ನೋಡಿ "ಇದರಲ್ಲಿ ಕಥೆಯೇ ಇಲ್ಲ" ಎಂದು ಮೂಗು ಮುರಿದವಳು. "ಕಥೆ ಬೇಕಿದ್ದರೆ ಪುಸ್ತಕ ಓದು" ಎಂದಿರಿ ನೀವು. ಬಿಡದಿ ದಾಟುವವರೆಗೂ ಜಗಳವಾಡಿದೆವು. ನಿಮ್ಮ ಅಕ್ಕನ ಮನೆಗೆಂದು ರಾಮನಗರದಲ್ಲಿ ಇಳಿಯುವಾಗ "ನೀನೊಂದು ಆಟ ಮಾಡು, ನಾನು ಅದನ್ನು ಮುರಿದು ತೋರಿಸುತ್ತೇನೆ" ಎಂದು ಕುದೂರಿನ ವಿಳಾಸ, ಫೋನ್ ನಂಬರು ಬರೆದುಕೊಟ್ಟಿರಿ. ಆಟ ಮಾಡಿದ್ದೇನೆ.

ಮೂರು ಸಲ ಫೋನ್ ಮಾಡಿದೆ, ಸ್ವಿಚ್ ಆಫ್ ಬಂತು. ಒಳ್ಳೆಯದೇ ಆಯಿತು. ನಕ್ಷೆ ಬಟ್ಟೆಯ ಮೇಲೆ ಬರೆದದ್ದು, ಫೋಟೊದಲ್ಲಿ ಅದರ ಬಣ್ಣ ಸಾಯುತ್ತದೆ.

ಆಟ ಹೀಗೆ. ಒಂದು ಊರಿಗೆ ನಿದ್ದೆ ಹತ್ತಿದೆ. ಅಂಗಡಿಯವನ ತಕ್ಕಡಿ ಗಾಳಿಯಲ್ಲೇ ನಿಂತಿದೆ. ಬಗ್ಗಿಸಿದ ಹಾಲು ಇನ್ನೂ ಲೋಟ ಮುಟ್ಟಿಲ್ಲ. ಮಲಗಿದವರ ಕನಸುಗಳೆಲ್ಲ ಕಿಟಕಿಗಳಿಂದ ಸೋರಿ ಮಂಜಾಗಿವೆ. ಆ ಮಂಜು ಕೆಟ್ಟದ್ದೇನಲ್ಲ, ಅದಕ್ಕೆ ಒಂಟಿತನ. ಎಚ್ಚರವಿರುವವರನ್ನೂ ತನ್ನೊಳಗೆ ಕರೆದುಕೊಳ್ಳಲು ನೋಡುತ್ತದೆ. ಎಚ್ಚರವಿರುವವಳು ರಾಣಿ ಒಬ್ಬಳೇ. ಅವಳು ಇಡೀ ಊರನ್ನು ಬೆನ್ನ ಮೇಲೆ ಹೊತ್ತು, ಹೊಳೆ ದಾಟಿ, ಬಿಸಿಲು ಮೊದಲು ಮುಟ್ಟುವ ಬಂಡೆಗೆ ಒಯ್ಯಬೇಕು. ಅಲ್ಲಿ ಊರು ಏಳುತ್ತದೆ. ಒಬ್ಬರು ರಾಣಿಯನ್ನು ನಡೆಸಬೇಕು, ಇನ್ನೊಬ್ಬರು ಮಂಜನ್ನು. ಸರದಿಗೊಂದು ನಡೆ. ಬಿಳಿ ಬಿಲ್ಲೆಗಳೇ ಮಂಜು. ಅವು ರಾಣಿಯನ್ನು ನಾಲ್ಕೂ ಕಡೆಯಿಂದ ಸುತ್ತುವರಿದರೆ ಅವಳೂ ಮಲಗಿಬಿಡುತ್ತಾಳೆ.

ಕಥೆ ನಮ್ಮ ದಾದಿ, ಅಂದರೆ ಅಬ್ಬಾರ ತಾಯಿ, ಗುಲ್ಜಾರ್ ಬೀ ಹೇಳಿದ್ದು. ಕಾಯಿಗಳನ್ನು ಅಬ್ಬಾ ಲೇತಿನಲ್ಲಿ ಕಡೆದರು. "ಏನಮ್ಮಾ ಜಾರಾ, ಬೆನ್ ಮ್ಯಾಲೆ ಊರು ಕೂರ್ಸಿದ್ರೆ ರಾಣಿ ಬಿದ್ದೋಗಲ್ವಾ?" ಎಂದು ಎರಡು ದಿನ ತಲೆ ಕೆರೆದುಕೊಂಡರು. ಆಮೇಲೆ ಊರನ್ನು ಬೇರೆಯೇ ಬಳೆಯ ಹಾಗೆ ಕಡೆದು, ಅದರ ಸುತ್ತ ಪುಟ್ಟ ಮನೆಗಳನ್ನು ಕೂರಿಸಿ, ರಾಣಿಯ ಹೆಗಲಿಗೆ ತೊಡಿಸಿದರು. ಹಾಲೆ ಮರ, ಅರಿಸಿನದ ಬಣ್ಣದ ಅರಗು. ಮೂಸಿ ನೋಡಿ, ಇನ್ನೂ ಬಿಸಿಯ ವಾಸನೆ ಇದೆ.

ಮುರಿದು ತೋರಿಸಿ, ನೋಡೋಣ.

ಜಾರಾ


ಕುದೂರು
೨ ಜುಲೈ ೨೦೨೪

ಜಾರಾ,

ನಿನ್ನ ಪಾರ್ಸೆಲ್ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಕ್ಷೆಯನ್ನು ಮಂಚದ ಮೇಲೆ ಹರಡಿದೆ. ಆ ಬಂಡೆಗಳಿಗೆ ನೀನು ಬಳಿದಿರುವ ನೀಲಿ, ರಾಮನಗರದ ಬೆಟ್ಟಗಳು ಬೆಳಗಿನ ರೈಲಿನಿಂದ ಕಾಣುತ್ತವಲ್ಲ, ಇನ್ನೂ ಭೂಮಿಗೆ ಇಳಿದಿಲ್ಲವೇನೋ ಎಂಬಂತೆ, ಅದೇ ನೀಲಿ. ಇಷ್ಟು ಚೆಂದದ ನಕ್ಷೆಯನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ.

ಈಗ ಮುರಿಯುತ್ತೇನೆ.

ನಮ್ಮಮ್ಮ ದೊಡ್ಡಲಕ್ಷ್ಮಮ್ಮನಿಗೆ ಚೌಕಾಬಾರ ಬಿಟ್ಟು ಬೇರೆ ಆಟ ಗೊತ್ತಿಲ್ಲ. ಅವಳನ್ನು ಕೂರಿಸಿಕೊಂಡು ಆಡಿದೆ. ಆರನೇ ನಡೆಗೆ ಕೈ ಎತ್ತಿದಳು. "ಇದೇನವ್ವ, ಇರೋದೊಂದೇ ದಾರಿ ಐತೆ. ನಾನ್ಯಾಕ್ ಆಡ್ಲಿ? ನೀನೇ ಕಥೆ ಓದಿ ಹೇಳ್ಬುಡು, ಕೇಳ್ತೀನಿ" ಅಂದಳು. ಹತ್ತು ವರ್ಷ ಗಣಿತ ಪಾಠ ಮಾಡಿದ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಎಡಗಡೆ ಬಂಡೆ, ಬಲಗಡೆ ಮುಳ್ಳು, ನಡುವೆ ಒಂದು ಹಾದಿ. ರಾಣಿ ಮುಂದೆ ಹೋಗಬಹುದು, ಇಲ್ಲವೇ ಮುಂದೆ ಹೋಗಬಹುದು. ನಕ್ಷೆ ಎಂದರೆ ಆಟಗಾರನಿಗೆ ಕೇಳುವ ಪ್ರಶ್ನೆ. ನೀನು ಉತ್ತರವನ್ನೂ ಬರೆದು ಕಳಿಸಿದ್ದೀಯ.

ಒಂದು ವಾರದಲ್ಲಿ ಮೂವತ್ತೊಂದು ಸಲ ಆಡಿದ್ದೇನೆ. ಮೂವತ್ತೊಂದು ಸಲವೂ ಒಂದೇ ಕಥೆ. ಹೊಳೆಯ ದಡಕ್ಕೆ ಬಂದು ನಕ್ಷೆ ನಿಂತುಬಿಡುತ್ತದೆ. ಆಚೆ ಏನಿದೆ? ಅದನ್ನು ಕಳಿಸು. ಈ ಸಲ ಹಾದಿ ಬೇಡ, ಬಯಲು ಕೊಡು.

ಕಾಲೇಜಿನ ಕೆಲಸ ಹೆಚ್ಚು, ಫೋನ್ ಕೆಟ್ಟಿದೆ. ಕಾಗದವೇ ಸರಿ. ಫೋನಿನಲ್ಲಾದರೆ ನಾವಿಬ್ಬರೂ ಯೋಚಿಸದೆ ಜಗಳವಾಡುತ್ತೇವೆ.

ಸುಚಿತ್ರಾ


ಚನ್ನಪಟ್ಟಣ
೨೦ ಜುಲೈ ೨೦೨೪

ಸುಚಿತ್ರಕ್ಕ,

ಕಾಲೇಜಿನ ಅಷ್ಟು ಕೆಲಸದ ನಡುವೆ ಮೂವತ್ತೊಂದು ಆಟ! ನಿಮ್ಮ ದಿನಕ್ಕೆ ಎಷ್ಟು ಗಂಟೆ?

ನಿಮ್ಮ ಅಮ್ಮನ ಮಾತನ್ನು ಅಬ್ಬಾಗೆ ಓದಿ ಹೇಳಿದೆ. ಲೇತ್ ನಿಲ್ಲಿಸಿ ನಕ್ಕರು. ನನಗೆ ಮಾತ್ರ ಸ್ವಲ್ಪ ಉರಿಯಿತು. ನಿಮ್ಮ ಆಟಗಳ ನಕ್ಷೆಗಳನ್ನೂ ನೋಡಿದ್ದೇನೆ, ಅಕ್ಕ. ಅಲ್ಲಿ ಪ್ರತಿ ಮನೆಗೂ ಒಂದು ಬೆಲೆ ಇದೆ, ಒಂದಕ್ಕೂ ಹೆಸರಿಲ್ಲ. ಗುಡ್ಡ ಎಂದರೆ ಬಾಣ ದೂರ ಹೋಗುವ ಜಾಗ. ಕಾಡು ಎಂದರೆ ಅಡಗುವ ಜಾಗ. ಅಲ್ಲಿ ಯಾರೂ ಸೌದೆ ಆರಿಸಿಲ್ಲ, ಯಾರೂ ದಾರಿ ತಪ್ಪಿ ಅತ್ತಿಲ್ಲ. ಎಲ್ಲಿ ಬೇಕಾದರೂ ಹೋಗಬಹುದು ಎಂದರೆ ಎಲ್ಲಿಗೆ ಹೋದರೂ ಒಂದೇ ಎಂದಲ್ಲವೇ?

ಎರಡನೆಯ ನಕ್ಷೆ ಕಳಿಸಿದ್ದೇನೆ. ಇದು ಹೊಳೆಯದು. ಈಚೆಗೆ ನನಗೆ ಇದೇ ಕನಸು ಬೀಳುತ್ತದೆ. ದೊಡ್ಡಮಳೂರಿನ ಹತ್ತಿರ ಕಣ್ವ ಹರಿಯುತ್ತದಲ್ಲ, ಹಾಗೇ ಕಾಣುತ್ತದೆ, ಆದರೆ ನೀರಿನ ಬದಲು ಅದರಲ್ಲಿ ಬೆಳಕು ಹರಿಯುತ್ತಿರುತ್ತದೆ. ಕೈ ಅದ್ದಿದರೆ ತಣ್ಣಗೆ. ಆಚೆ ದಡದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿರುತ್ತಾರೆ. ಕೂಗಿದರೆ ಕೇಳಿಸುವುದಿಲ್ಲ.

ಒಂದು ನಿಯಮ ಬದಲಿಸಿದ್ದೇನೆ. ಇನ್ನು ಮೇಲೆ ರಾಣಿ ಸರದಿಗೆ ಒಂದೇ ಮನೆ ನಡೆಯುತ್ತಾಳೆ. ಬೆನ್ನ ಮೇಲೆ ಊರಿದೆ, ಓಡಲಾರಳು. ಅವಳು ಹೆಜ್ಜೆ ಇಡುವವರೆಗೆ ಹಕ್ಕಿ, ದೋಣಿ, ಮಂಜು, ಎಲ್ಲವೂ ಅವಳಿಗಾಗಿ ಕಾಯುತ್ತವೆ. ನಿಧಾನಕ್ಕೆ ನಡೆಯುವವರನ್ನು ಕಂಡರೆ ನನಗೆ ಮರುಕವೂ ಹೌದು, ಪ್ರೀತಿಯೂ ಹೌದು.

ಆಚೆ ದಡದಲ್ಲಿ ಏನಿದೆ ಎಂದು ಕೇಳಿದ್ದಿರಿ. ಅದು ಗುಟ್ಟು. ನನಗೆ ಮತ್ತು ದಾದಿಗೆ ಮಾತ್ರ ಗೊತ್ತು.

ಜಾರಾ


ಕುದೂರು
೯ ಆಗಸ್ಟ್ ೨೦೨೪

ಜಾರಾ,

ನಕ್ಷೆ, ಕಾಯಿಗಳು ಎಲ್ಲವನ್ನೂ ವಾಪಸ್ ಕಳಿಸುತ್ತಿದ್ದೇನೆ.

ಈ ಆಟದಲ್ಲಿ ನೀನು ಏನು ಮಾಡಿದ್ದೀಯ ಎಂದು ನನಗೆ ಅರ್ಥವಾಯಿತು. ಯಾರಿಂದ ತಿಳಿಯಿತು ಎಂಬ ಮಾತು ಈಗ ಬೇಡ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ದೂರವೇನಿಲ್ಲ. ಆದರೆ ನೇರವಾಗಿ ಹೇಳದೆ ಆಟದೊಳಗೆ ಮುಚ್ಚಿಟ್ಟು ಬರೆದೆಯಲ್ಲ, ಅದರಿಂದ ನೋವಾಯಿತು.

ಇನ್ನು ಬರೆಯುವುದು ಬೇಡ.

ಸುಚಿತ್ರಾ


ಚನ್ನಪಟ್ಟಣ
೩೦ ಸೆಪ್ಟೆಂಬರ್ ೨೦೨೪

ಸುಚಿತ್ರಕ್ಕ,

ಆಗಸ್ಟಿನಲ್ಲಿ ಒಂದು ಕಾರ್ಡು ಹಾಕಿದ್ದೆ, ನೀವು ಉತ್ತರಿಸಲಿಲ್ಲ. ಬೇಡವೆಂದ ಮೇಲೂ ಬರೆಯುತ್ತಿದ್ದೇನೆ. ಒಂದೂವರೆ ತಿಂಗಳು ಯೋಚಿಸಿದೆ. ನನ್ನ ಸುಳ್ಳು ನಿಮಗೆ ಹೇಗೆ ತಿಳಿಯಿತೋ ಗೊತ್ತಿಲ್ಲ. ರಾಮನಗರದ ನಿಮ್ಮ ಅಕ್ಕನ ಬಳಿ ನಮ್ಮ ಕಡೆಯವರು ಯಾರಾದರೂ ಹೇಳಿರಬೇಕು. ಈಗ ನಾನೇ ಹೇಳಿಬಿಡುತ್ತೇನೆ.

ಆಚೆ ದಡದಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ.

ದಾದಿ ಆ ಕಥೆಯನ್ನು ನನಗೆ ಚಿಕ್ಕಂದಿನಲ್ಲಿ ಹೇಳಲಿಲ್ಲ. ಹೋದ ವರ್ಷ ಫೆಬ್ರವರಿಯ ಚಳಿಯಲ್ಲಿ, ನನಗೆ ಇಪ್ಪತ್ತಾರು ತುಂಬಿದ ಮೇಲೆ, ಅಂಗಳದಲ್ಲಿ ಬಿಸಿಲು ಕಾಯಿಸುತ್ತ ದಿನಕ್ಕಿಷ್ಟು ಹೇಳತೊಡಗಿದರು. ಎಲ್ಲಿಂದ ತಂದರೋ ತಿಳಿಯದು. ರಾಣಿ ಯಾವ ಬಂಡೆಗೆ ಹೊರಟಿದ್ದಾಳೆ ಎಂದು ಮೊದಲೇ ಹೇಳಿದ್ದರು, ಹೇಗೆ ಮುಟ್ಟಿದಳು ಎಂದು ಹೇಳಿರಲಿಲ್ಲ. ರಾಣಿಯನ್ನು ಹೊಳೆಯ ದಡಕ್ಕೆ ತಂದು ನಿಲ್ಲಿಸಿ "ನಾಳೆ ಹೇಳ್ತೀನಿ" ಎಂದರು. ಮರುದಿನ ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಅಂದಿನಿಂದ ಒಂದು ಪದ ಆಡಿಲ್ಲ. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತದೆ.

ನನ್ನ ಮೊದಲ ನಕ್ಷೆಯಲ್ಲಿ ಒಂದೇ ಹಾದಿ ಇದ್ದದ್ದು ಅದಕ್ಕೆ. ಅವರು ಹೇಳಿದ್ದು ಅಷ್ಟೇ. ಪಕ್ಕದಲ್ಲಿ ಇನ್ನೊಂದು ದಾರಿ ಬರೆದರೆ ಅವರ ಕಥೆಯನ್ನು ನಾನು ಕೆಡಿಸಿದಂತೆ ಎಂದು ಹೆದರಿಕೆ. ಬಂಡೆ, ಮುಳ್ಳು ಎಲ್ಲ ನಾನು ಹಾಕಿದ ಬೇಲಿ. ಎರಡನೆಯ ನಕ್ಷೆಯಲ್ಲಿ ರಾಣಿಯನ್ನು ಒಂದೊಂದೇ ಮನೆ ನಡೆಸಿದ್ದು ಯಾಕೆ ಎಂದರೆ, ಅವಳು ಬೇಗ ದಡ ಮುಟ್ಟಿದರೆ ಮುಂದೆ ಏನು ಎಂದು ನಾನು ಹೇಳಬೇಕಾಗುತ್ತದೆ. ತಡ ಮಾಡುತ್ತಿದ್ದೆ, ಅಕ್ಕ.

ಗುಟ್ಟು ಎಂದು ಸುಳ್ಳು ಬರೆದದ್ದಕ್ಕೆ ಕ್ಷಮಿಸಿ. ನೀವು ವಾಪಸ್ ಕಳಿಸಿದ ಕಾಯಿಗಳು ಬಂದ ದಿನ ಅಬ್ಬಾ ರಾಣಿಗೆ ಇನ್ನೊಂದು ಸಲ ಅರಗು ಹಿಡಿದು ಹೊಳಪು ಕೊಟ್ಟು ಗೂಡಿನಲ್ಲಿ ಇಟ್ಟರು. ಈಗ ಅವಳನ್ನು ಮತ್ತೆ ನಿಮಗೇ ಕಳಿಸುತ್ತಿದ್ದೇನೆ. ನೀವು ಇಟ್ಟುಕೊಳ್ಳಿ.

ಜಾರಾ


ಕುದೂರು
೮ ಅಕ್ಟೋಬರ್ ೨೦೨೪

ಜಾರಾ,

ನಿನ್ನ ಕಾಗದ ಓದಿ ನಾನು ನಕ್ಕ ಸದ್ದಿಗೆ ಅಮ್ಮ ಹಿತ್ತಲಿನಿಂದ ಓಡಿಬಂದಳು. ಬಂದು ನೋಡಿದರೆ ಅಳುತ್ತಿದ್ದೆ. "ಯಾಕವ್ವಾ, ಏನಾಯ್ತು? ಒಸಿ ನೀರ್ ಕುಡಿ" ಎಂದು ಚೊಂಬು ಕೊಟ್ಟಳು.

ನಿನ್ನ ಸುಳ್ಳು ನನಗೆ ಗೊತ್ತೇ ಇರಲಿಲ್ಲ. ನನ್ನದು ನಿನಗೆ ಗೊತ್ತಾಯಿತು ಎಂದುಕೊಂಡಿದ್ದೆ.

ಏಪ್ರಿಲ್ ಹನ್ನೊಂದಕ್ಕೆ ಮಾಗಡಿ ರಸ್ತೆಯ ತಿರುವಿನಲ್ಲಿ ಜಲ್ಲಿಕಲ್ಲಿಗೆ ನನ್ನ ಸ್ಕೂಟರ್ ಜಾರಿತು. ಸೊಂಟ, ಎಡತೊಡೆ. ಎರಡು ಆಪರೇಷನ್. ನಿನ್ನ ಮೊದಲ ನಕ್ಷೆ ಬಂದಾಗ ನಾನು ಮಂಚ ಬಿಟ್ಟು ಇಳಿಯುವಂತಿರಲಿಲ್ಲ. ಮೂವತ್ತೊಂದು ಆಟ ಆಡಲು ಸಮಯ ಸಿಕ್ಕಿದ್ದು ಹಾಗೆ. ಫೋನ್ ಕೆಟ್ಟಿರಲಿಲ್ಲ. "ಪಾಪ" ಎನ್ನುವ ಮಾತು ಕೇಳಲಾರದೆ ನಾನೇ ಮುಚ್ಚಿಟ್ಟಿದ್ದೆ. ಜುಲೈ ಕೊನೆಗೆ ವಾಕರ್ ಕೊಟ್ಟರು. ಅದನ್ನು ಮುಂದಿಡಬೇಕು, ಒಂದು ಕಾಲು, ಇನ್ನೊಂದು ಕಾಲು, ನಿಲ್ಲಬೇಕು. ಮನೆಯವರೆಲ್ಲ ಉಸಿರು ಹಿಡಿದು ಕಾಯುತ್ತಿರುತ್ತಾರೆ. ಮೊದಲಿನಂತೆ ನಡೆಯಲಾರೆ ಎಂದು ಡಾಕ್ಟರ್ ಹೇಳಿದ ವಾರವೇ ನಿನ್ನ ಎರಡನೆಯ ಪಾರ್ಸೆಲ್ ಬಂತು. ಒಂದೇ ಮನೆ ನಡೆಯುವ ರಾಣಿ, ಅವಳಿಗಾಗಿ ಕಾಯುವ ಲೋಕ, ಮೇಲೆ ನಿನ್ನ ಮರುಕ. ಅಕ್ಕ ಯಾರಿಗೋ ಹೇಳಿ ಅದು ನಿನ್ನ ಕಿವಿಗೆ ಬಿದ್ದಿದೆ ಎಂದೇ ನಂಬಿದೆ.

ಪ್ರಾಂಶುಪಾಲ ಮುನಿಶಾಮಯ್ಯನವರು ಎರಡು ಸಲ ಮನೆಗೆ ಬಂದಿದ್ದರು. ನನ್ನ ತರಗತಿ ಮಹಡಿಯ ಮೇಲಿದೆ. "ಮೇಡಮ್, ನೀವು ಹತ್ಬೇಡಿ, ಕ್ಲಾಸ್ನೇ ಕೆಳಕ್ಕೆ ತತ್ತೀವಿ" ಎಂದರು. ನನಗಾಗಿ ಎಂಬತ್ತು ಜನ ಜಾಗ ಬದಲಿಸುವುದೇ? ರಾಜೀನಾಮೆ ಬರೆದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಅದು ಇರಲಿ. ಜೊತೆಗೆ ಒಂದು ನಕ್ಷೆ ಇದೆ. ನನಗೆ ಬಣ್ಣ ಹಾಕಲು ಬರುವುದಿಲ್ಲ, ಗ್ರಾಫ್ ಹಾಳೆಯಲ್ಲಿ ನೆನಪಿನಿಂದ ಗೆರೆ ಎಳೆದಿದ್ದೇನೆ. ನಿನ್ನ ಬೇಲಿಗಳನ್ನೆಲ್ಲ ತೆಗೆದೆ. ಹೊಳೆಗೆ ಏಳು ಕಡೆ ದಾಟುವ ಜಾಗ, ಒಂದೂ ಸುಲಭವಲ್ಲ. ಹಿಂದಕ್ಕೂ ಹೋಗಬಹುದು. ನಿನ್ನ ಹೆಸರುಗಳನ್ನು ಮಾತ್ರ ಮುಟ್ಟಿಲ್ಲ. ಬಟ್ಟೆ ಒಣಹಾಕುವವಳು ಕೂಡ ಆಚೆ ದಡದಲ್ಲಿದ್ದಾಳೆ. ರಾಣಿ ಒಂದೇ ಮನೆ ನಡೆಯಲಿ. ಆದರೆ ನಿಲ್ಲುವುದೂ ಒಂದು ನಡೆ ಎಂದು ಮಾಡಿದ್ದೇನೆ. ಅವಳು ಕದಲದೆ ಒಂದು ಸರದಿ ನಿಂತರೆ ಪಕ್ಕದ ಮನೆಯ ಒಂದು ಮಂಜಿನ ಬಿಲ್ಲೆ ಕರಗುತ್ತದೆ, ಕರಗಿದ್ದು ಮತ್ತೆ ಆಟಕ್ಕೆ ಬರುವಂತಿಲ್ಲ. ಈಗ ಆಡುವವರು ಎಲ್ಲಿ ನಡೆಯಬೇಕು ಎಂದು ಮಾತ್ರವಲ್ಲ, ಎಲ್ಲಿ ನಿಲ್ಲಬೇಕು ಎಂದೂ ಯೋಚಿಸಬೇಕು.

ದಾದಿಯ ಎಡಗೈ ಚೆನ್ನಾಗಿದೆಯಲ್ಲವೇ? ರಾಣಿಯನ್ನು ಅವರ ಕೈಗೆ ಕೊಡು. ಅವಳನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ.

ಸುಚಿತ್ರಾ


ಚನ್ನಪಟ್ಟಣ
೨ ನವೆಂಬರ್ ೨೦೨೪

ಸುಚಿತ್ರಕ್ಕ,

ನಿಮ್ಮ ಕಾಲಿನ ವಿಷಯ ಓದಿದೆ. ನಿಮಗೆ ಇಷ್ಟವಿಲ್ಲದ ಆ ಪದವನ್ನು ನಾನು ಬರೆಯುವುದಿಲ್ಲ. ಇಲ್ಲಿ ನಡೆದದ್ದನ್ನು ಬರೆಯುತ್ತೇನೆ.

ನಿಮ್ಮ ಗೆರೆಗಳನ್ನು ಬಟ್ಟೆಗೆ ಇಳಿಸಿ ಬಣ್ಣ ಹಾಕಲು ಎರಡು ವಾರ ಹಿಡಿಯಿತು. ಸೋಮವಾರ ಮಧ್ಯಾಹ್ನ ಅಂಗಳದಲ್ಲಿ ದಾದಿಯ ಮಂಚದ ಮುಂದೆ ಹರಡಿದೆ. ರಾಣಿಯನ್ನು ಎಡಗೈಯಲ್ಲಿ ಇಟ್ಟೆ. ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದರು. ಅಬ್ಬಾ "ಅಮ್ಮಾಗೆ ಸುಸ್ತಾಗತ್ತೆ, ಬಿಡಮ್ಮಾ" ಎಂದರು. ಆಗ ದಾದಿ ಕೈ ಚಾಚಿ ಮೊದಲ ಮನೆಯ ಮೇಲೆ ರಾಣಿಯನ್ನು ನಿಲ್ಲಿಸಿದರು.

ಮಂಜು ನಾನಾದೆ. ದಿನಕ್ಕೆ ಏಳೆಂಟು ನಡೆ, ಐದು ದಿನ. ಒಂದೊಂದು ನಡೆಗೂ ದಾದಿ ಎಷ್ಟು ಹೊತ್ತು ನೋಡುತ್ತಿದ್ದರೆಂದರೆ ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಹೋಗಿರುತ್ತಿತ್ತು. ಅಂಗಳದ ಸದ್ದೆಲ್ಲ ಆಚೆ ದಡದಿಂದ ಬರುವಂತೆ ಕೇಳುತ್ತಿತ್ತು. ಮೂರನೆಯ ದಿನ ಅಬ್ಬಾ ಲೇತ್ ಬಿಟ್ಟು ಬಂದು ಪಕ್ಕದಲ್ಲೇ ಕೂತರು.

ದಾದಿ ಹೊಳೆಯ ಕಡೆ ಹೋಗಲೇ ಇಲ್ಲ, ಅಕ್ಕ. ಏಳರಲ್ಲಿ ಒಂದು ಕಡೆಯೂ ದಾಟಲಿಲ್ಲ. ಈಚೆ ದಡದಲ್ಲೇ ನಡೆದು ನಡೆದು, ಮೂರು ಕಡೆ ಬಂಡೆ ಇರುವ ಒಂದು ಮನೆ ಇದೆಯಲ್ಲ, ನೀವು ಹೆಸರೂ ಬರೆಯದ ಮೂಲೆ, ಅಲ್ಲಿಗೆ ಹೋಗಿ ನಿಂತರು. ಹೊರಗೆ ಬರಲು ಒಂದೇ ಸಂದು. ನನ್ನ ಮಂಜು ಹಿಂದೆಯೇ ಇತ್ತು. ನಾನು ಗೆದ್ದೆ ಎಂದುಕೊಂಡೆ.

ದಾದಿ ರಾಣಿಯ ಹೆಗಲಿನಿಂದ ಊರನ್ನು ತೆಗೆದರು. ಒಂದೇ ಕೈಯಲ್ಲಿ, ಒಂದು ಮನೆಯೂ ಅಲುಗದ ಹಾಗೆ ಅದನ್ನು ನೆಲಕ್ಕೆ ಇಳಿಸಿದರು. ನನ್ನನ್ನು ನೋಡಿ ಹೇಳಿದರು, "ಬಸ್. ಯಹೀಂಚ್."

ಸಾಕು, ಇಲ್ಲೇ, ಎಂದು. ಇಪ್ಪತ್ತು ತಿಂಗಳಿನಲ್ಲಿ ಮೊದಲ ಮಾತು. ಅಬ್ಬಾ ಎದ್ದು ಒಳಗೆ ಹೋಗಿಬಿಟ್ಟರು. ನಲ್ಲಿ ಬಿಟ್ಟುಕೊಂಡು ಮುಖ ತೊಳೆಯುವುದು ಕೇಳುತ್ತಿತ್ತು.

ಆಮೇಲೆ ದಾದಿ ಕಣ್ಣು ಮುಚ್ಚಿ ಮಲಗಿದರು. ನಾನು ಆಟ ನಿಲ್ಲಿಸಿದೆ. ಅವರು ಸೋತರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದು ಕಥೆಯ ಕೊನೆಯೋ, ಅವರ ದಣಿವೋ, ಹೇಗೆ ತಿಳಿಯುವುದು? ಬಿಲ್ಲೆಗಳು ಎಲ್ಲೆಲ್ಲಿ ನಿಂತಿದ್ದವು ಎಂದು ಬರೆದು ಜೊತೆಗೆ ಇಟ್ಟಿದ್ದೇನೆ. ನೀವು ನೋಡಿ.

ಜಾರಾ


ಕುದೂರು
೨೫ ನವೆಂಬರ್ ೨೦೨೪

ಜಾರಾ,

ನೀನು ಬರೆದು ಕಳಿಸಿದಂತೆ ನಕ್ಷೆಯ ನನ್ನ ಪ್ರತಿಯ ಮೇಲೆ ಬಿಲ್ಲೆಗಳ ಬದಲು ಕಡಲೆಕಾಯಿ ಬೀಜ, ರಾಣಿಯ ಬದಲು ಒಂದು ಗುಂಡಿ ಜೋಡಿಸಿ, ನೀನು ನಿಲ್ಲಿಸಿದ ಕಡೆಯಿಂದ ಆಟ ಮುಂದುವರಿಸಿದೆ. ಅಮ್ಮನನ್ನು ಮಂಜು ಮಾಡಿದೆ. ಬೀಜ ತಿನ್ನಬಾರದು ಎಂದು ಆಣೆ ಹಾಕಿಸಿಕೊಂಡೆ. ರಾಣಿಯನ್ನು ನಾನು ಕದಲಿಸಲಿಲ್ಲ.

ಆ ಮೂಲೆಯನ್ನು ಬರೆದವಳು ನಾನೇ. ಸಿಕ್ಕಿಬೀಳಲೆಂದೇ ಬರೆದದ್ದು. ಆ ನಕ್ಷೆಯನ್ನು ಅರವತ್ತು ಸಲ ಆಡಿದ್ದೇನೆ, ಒಂದು ಸಲವೂ ಅತ್ತ ಹೋಗಿಲ್ಲ. ಅಮ್ಮ ಸಂದಿಗೆ ಒಂದು ಬೀಜ ಇಟ್ಟಳು. ರಾಣಿ ನಿಂತಿದ್ದಳು, ಅದು ಕರಗಿತು. ಇನ್ನೊಂದು ಇಟ್ಟಳು, ಅದೂ ಕರಗಿತು. ಮೂರು ಕಡೆ ಬಂಡೆ, ಬಂಡೆಯ ಮೇಲೆ ಮಂಜು ಹತ್ತುವಂತಿಲ್ಲ, ಹಾಗಾಗಿ ನಾಲ್ಕೂ ಕಡೆಯಿಂದ ಸುತ್ತುವರಿಯಲಾಗದು, ಬರುವುದಾದರೆ ಆ ಒಂದೇ ಸಂದಿನಿಂದ, ಒಂದೊಂದಾಗಿ. ಮಂಜು ದೂರ ನಿಂತರೆ ರಾಣಿಗೆ ಏನೂ ಆಗದು. ಹತ್ತಿರ ಬಂದರೆ ಕರಗುತ್ತದೆ. "ಇದೇನವ್ವ, ನನ್ ಬೀಜೆಲ್ಲ ಮುಗ್ದೋಯ್ತವೆ" ಎಂದಳು ಅಮ್ಮ. ಕೊನೆಯ ಬೀಜವನ್ನು ಕೈಯಲ್ಲಿ ಹಿಡಿದು ನಕ್ಷೆ ನೋಡುತ್ತ ಕೂತಳು. ಇಡೀ ಬಯಲು ಖಾಲಿಯಾಗಿತ್ತು, ಮುಂಜಾನೆಯ ಹಾಗೆ.

ದಣಿವಲ್ಲ, ಜಾರಾ. ನಿಮ್ಮ ದಾದಿ ಗೆದ್ದಿದ್ದಾರೆ. ನಾನು ಲೆಕ್ಕ ಹಾಕಿ ನೋಡಿದೆ, ಆ ನಕ್ಷೆಯಲ್ಲಿ ಸೋಲೇ ಇಲ್ಲದ ಮನೆ ಅದೊಂದೇ. ಕಥೆಯ ಕೊನೆಯೋ ಎಂಬುದನ್ನು ದಾದಿಯೇ ಬಲ್ಲರು. ಆದರೆ ಮಂಜೆಲ್ಲ ಕರಗಿದ ಮೇಲೆ ಬಿಸಿಲು ಆ ಮೂಲೆಗೂ ಬರುತ್ತದಲ್ಲ, ಹಾಗಾಗಿ ನಿಯಮದ ಹಾಳೆಯಲ್ಲಿ "ಹೊಳೆ ದಾಟಿದರೆ ಗೆಲುವು" ಎಂದಿದ್ದದ್ದನ್ನು ಹೊಡೆದುಹಾಕಿ "ಊರು ಎಚ್ಚರಗೊಂಡರೆ ಗೆಲುವು, ಎಲ್ಲಿಯಾದರೂ ಸರಿ" ಎಂದು ಬರೆದಿದ್ದೇನೆ.

ಇನ್ನೊಂದು ಮಾತು. ಹೋದ ಸೋಮವಾರ ನಾನು ಕಾಲೇಜಿಗೆ ಹೋದೆ. ಮುನಿಶಾಮಯ್ಯನವರು ಕೆಳಗಿನ ಸ್ಟೋರ್ ರೂಮ್ ಖಾಲಿ ಮಾಡಿಸಿದ್ದರು. ಎಂಬತ್ತು ಜನ ಬೆಂಚುಗಳನ್ನು ಹೊತ್ತು ಮೆಟ್ಟಿಲಿಳಿದು ಬರುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಒಬ್ಬಳು ನನ್ನ ಪಕ್ಕದಲ್ಲೇ ಹಾದು, ಏದುಸಿರಲ್ಲೇ, "ಮಿಸ್, ಒಸಿ ಪಕ್ಕಕ್ಕೆ ಬನ್ನಿ, ಬೆಂಚು ತಗಲ್ತದೆ" ಎಂದಳು. ಅಷ್ಟೇ. ಯಾರೂ ಪಾಪ ಎನ್ನಲಿಲ್ಲ. ಬೋರ್ಡಿನವರೆಗೆ ಹನ್ನೊಂದು ಹೆಜ್ಜೆ. ಅವರು ಕಾದರು, ನಾನು ಹೋದೆ, ಪಾಠ ಮಾಡಿದೆ. ಸಂಜೆ ಬಂದು ದಿಂಬಿನ ಕೆಳಗಿದ್ದ ಕಾಗದವನ್ನು ಒಲೆಗೆ ಹಾಕಿದೆ. ಅದು ಪೂರ್ತಿ ಉರಿಯಲೆಂದು ಅಮ್ಮ ಕೊಳವೆಯಿಂದ ಊದಿದಳು. ಅವಳಿಗೆ ಮೊದಲೇ ಗೊತ್ತಿತ್ತು ಎಂದು ಆಗ ತಿಳಿಯಿತು.

ಭಾನುವಾರ ಚನ್ನಪಟ್ಟಣಕ್ಕೆ ಬರುತ್ತೇನೆ. ಕುದೂರಿನಿಂದ ಮಾಗಡಿ, ಅಲ್ಲಿಂದ ರಾಮನಗರ, ಆಮೇಲೆ ನಿಮ್ಮೂರು. ಮೂರು ಬಸ್ಸು ಹತ್ತಬೇಕು, ಮೂರು ಇಳಿಯಬೇಕು. ಕಂಡಕ್ಟರ್ "ಬೇಗ ಬೇಗ" ಎಂದು ಕೂಗುತ್ತಾನೆ. ಕೂಗಲಿ. ಬಸ್ ನಿಲ್ದಾಣಕ್ಕೆ ಬರಬೇಡ, ಮನೆ ನಾನೇ ಹುಡುಕಿಕೊಂಡು ಬರುತ್ತೇನೆ. ತಡವಾದರೆ ಗಾಬರಿಯಾಗಬೇಡ.

ದಾದಿಗೆ ಹೇಳಿರು, ಈ ಸಲ ಮಂಜು ನಾನು.

ಸುಚಿತ್ರಾ